ಚುರುಕು ಮಕ್ಕಳಿಗೆ ಬೇರೆ ತರಗತಿ ಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮ ಮಗು ತರಗತಿಯ ಪಾಠಕ್ಕಿಂತ ಮುಂದಿದೆ ಎಂದು ಗೊತ್ತಾದ ಪೋಷಕರು, ಅಂಥ ಮಗುವನ್ನೂ ಇನ್ನೂ ಅಕ್ಷರ ಕೂಡಿಸಿ ಓದುತ್ತಿರುವ ಮಗುವನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಶಿಕ್ಷಕರು, ಪ್ರತಿ ವರ್ಷ ಸೆಕ್ಷನ್ ಹಂಚಬೇಕಾದ ಮುಖ್ಯೋಪಾಧ್ಯಾಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವು ಪ್ರಶ್ನೆಗಳಿಗೆ ಸಂಶೋಧನೆ ಸ್ಪಷ್ಟ ಉತ್ತರ ಕೊಡುತ್ತದೆ. ಉಳಿದವುಗಳಲ್ಲಿ ನನ್ನ ನಿಲುವು ಹೇಳಿದ್ದೇನೆ, ಕಾರಣವನ್ನೂ ಕೊಟ್ಟಿದ್ದೇನೆ.

ಸುತ್ತುಬಳಸದೆ ಹೇಳಿ: ಬೇರ್ಪಡಿಸಬೇಕೇ, ಬೇಡವೇ?

ಪಾಠವನ್ನು ಬೇರೆ ಮಾಡಿ, ಮಕ್ಕಳನ್ನು ಪೂರ್ತಿಯಾಗಿ ಬೇರೆ ಮಾಡಬೇಡಿ.

ಗಣಿತದಲ್ಲಿ ಎರಡು ವರ್ಷ ಮುಂದಿರುವ ಮಗುವಿಗೆ ಗಣಿತದ ಪೀರಿಯಡ್‌ನಲ್ಲಿ ಅದರ ಮಟ್ಟದ ಪಾಠ, ಅದರ ಮಟ್ಟದ ಜೊತೆಗಾರರು ಸಿಗಬೇಕು. ಅದಕ್ಕಾಗಿ ಆ ಹೊತ್ತಿಗೆ ಬೇರೆ ಕೋಣೆಗೆ ಹೋಗಬೇಕಾದರೆ ಹೋಗಲಿ. ಆದರೆ ಗಣಿತ ಚೆನ್ನಾಗಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಭಾಷೆ, ಸಮಾಜ, ಚಿತ್ರಕಲೆ, ಆಟ ಎಲ್ಲದಕ್ಕೂ ಅದನ್ನು ಬೇರೆ ಸೆಕ್ಷನ್‌ಗೆ ಹಾಕಿ, ಮುಂದಿನ ಐದಾರು ವರ್ಷ ಅಲ್ಲೇ ಕೂರಿಸುವುದು ಬೇಡ. ವಿಷಯವಾರು ಗುಂಪು, ದಿನದ ಒಂದಷ್ಟು ಹೊತ್ತು, ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ, ಒಳಗೆ ಬರಲೂ ಹೊರಗೆ ಹೋಗಲೂ ತೆರೆದ ಬಾಗಿಲು. ಈ ನಾಲ್ಕೂ ಇದ್ದರೆ ನಾನು ಬೇರ್ಪಡಿಕೆಯ ಪರ. ಇವುಗಳಲ್ಲಿ ಒಂದು ತಪ್ಪಿದರೂ ಅನುಮಾನದಿಂದಲೇ ನೋಡುತ್ತೇನೆ.

ಮುಂದಿರುವ ಮಗು ಎಂದರೆ ಯಾವುದು? ರ‍್ಯಾಂಕ್ ಬರುವ ಮಗುವೇ?

ಅಲ್ಲ. ಈಗ ಹೇಳಿಕೊಡುತ್ತಿರುವ ಪಾಠ ಯಾವ ಮಗುವಿಗೆ ಈಗಾಗಲೇ ಗೊತ್ತಿದೆಯೋ, ಅಥವಾ ಒಂದೆರಡು ಸಲ ಕೇಳಿದರೆ ಸಾಕಾಗುತ್ತದೋ, ಆ ವಿಷಯದ ಮಟ್ಟಿಗೆ ಅದು ಮುಂದಿರುವ ಮಗು. ಅದು ತರಗತಿಗೆ ಮೊದಲ ಸ್ಥಾನ ಬರುವ ಮಗುವೇ ಆಗಿರಬೇಕಿಲ್ಲ. ಬೇಸರದಿಂದ ನೋಟ್ಸ್ ಬರೆಯದೆ ಬೈಸಿಕೊಳ್ಳುವ ಮಗುವೂ ಆಗಿರಬಹುದು. ಅಂದವಾಗಿ ಬರೆದು, ಹೇಳಿದ್ದನ್ನು ಹೇಳಿದಂತೆ ಒಪ್ಪಿಸುವ ಮಗುವನ್ನು ಶಾಲೆ ಬೇಗ ಗುರುತಿಸುತ್ತದೆ. ತಲೆಯಲ್ಲೇ ಲೆಕ್ಕ ಮುಗಿಸಿ 'ಸ್ಟೆಪ್ಸ್ ಎಲ್ಲಿ?' ಎಂದು ಕೇಳಿಸಿಕೊಳ್ಳುವ ಮಗು ಕಣ್ಣಿಗೆ ಬೀಳುವುದು ತಡ.

ಇಂಥ ಮಕ್ಕಳು ಸಾವಿರಕ್ಕೊಬ್ಬರು ಎಂಬುದು ತಪ್ಪು ಕಲ್ಪನೆ. ಅಮೆರಿಕದ ಪರೀಕ್ಷಾ ದತ್ತಾಂಶವನ್ನು 2016ರಲ್ಲಿ ಪರಿಶೀಲಿಸಿದ ಸಂಶೋಧಕರ ತಂಡಕ್ಕೆ ಕಂಡದ್ದು ಹೀಗೆ: ಪ್ರಾಥಮಿಕ ಮತ್ತು ಮಾಧ್ಯಮಿಕ ಹಂತದ ಮಕ್ಕಳಲ್ಲಿ ಓದಿನಲ್ಲಿ ಶೇ. 20ರಿಂದ 40, ಗಣಿತದಲ್ಲಿ ಶೇ. 11ರಿಂದ 30 ಮಂದಿ ತಾವು ಕೂತಿರುವ ತರಗತಿಗಿಂತ ಕನಿಷ್ಠ ಒಂದು ವರ್ಷ ಮುಂದಿದ್ದರು. ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳಿದ್ದರೆ, ಅವರಲ್ಲಿ ಹಲವರಿಗೆ ಇವತ್ತಿನ ಪಾಠ ಹೊಸದಲ್ಲ ಎಂದಾಯಿತು.

ಚುರುಕು ಮಗು ಎಲ್ಲಿ ಹಾಕಿದರೂ ಕಲಿಯುತ್ತದೆ. ಅದಕ್ಕೇಕೆ ವಿಶೇಷ ವ್ಯವಸ್ಥೆ?

ಈ ಮಾತನ್ನು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಹಿಂದುಳಿದ ಮಕ್ಕಳ ಕಡೆ ಗಮನ ಹೋಗಲಿ ಎಂಬ ಕಾಳಜಿ ಅದರ ಹಿಂದಿದೆ. ಆದರೂ ಅದು ನಿಜವಲ್ಲ.

ಗೊತ್ತಿದ್ದದ್ದನ್ನೇ ದಿನವೂ ಕೇಳುತ್ತ ಕೂತ ಮಗು ಕೆಲವು ಕೆಟ್ಟ ಪಾಠಗಳನ್ನು ಸದ್ದಿಲ್ಲದೆ ಕಲಿಯುತ್ತದೆ. ಪ್ರಯತ್ನ ಪಡದೆ ಪೂರ್ತಿ ಅಂಕ ಬರುತ್ತದೆ ಎಂದು ಕಲಿಯುತ್ತದೆ. ಕಷ್ಟಪಡುವುದು ದಡ್ಡರ ಕೆಲಸ ಎಂದು ನಂಬತೊಡಗುತ್ತದೆ. ಮುಂದೆ ಕಾಲೇಜಿನಲ್ಲೋ ಅದಕ್ಕೂ ಮೊದಲೋ ನಿಜವಾಗಿ ಕಷ್ಟದ ವಿಷಯ ಎದುರಾದಾಗ, ಕೂತು ತಿಣುಕುವ ಅಭ್ಯಾಸವೇ ಇಲ್ಲದೆ ಕುಸಿಯುತ್ತದೆ. ಶಾಲೆಯಲ್ಲಿ 'ತುಂಬಾ ಜಾಣ' ಎನ್ನಿಸಿಕೊಂಡು ಮುಂದೆ ಎಲ್ಲೋ ಕಳೆದುಹೋದವರ ಕಥೆ ಪ್ರತಿ ಶಿಕ್ಷಕರಿಗೂ ಗೊತ್ತು.

ಸಮಯದ ಲೆಕ್ಕವನ್ನೂ ನೋಡಿ. 1993ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಮುಂದಿರುವ ಮಕ್ಕಳಿಗೆ ಗೊತ್ತಿರುವ ಭಾಗವನ್ನು ಪೂರ್ವಪರೀಕ್ಷೆಯ ಮೂಲಕ ಗುರುತಿಸಿ ಪಠ್ಯದಿಂದ ಕೈಬಿಡಲು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಯ್ದ ವಿಷಯಗಳಲ್ಲಿ ಶೇ. 40ರಿಂದ 50ರಷ್ಟು ಪಠ್ಯವನ್ನು ಬಿಟ್ಟರೂ ಆ ಮಕ್ಕಳ ಅಂಕ ಇಳಿಯಲಿಲ್ಲ. ಅಂದರೆ ಆ ವಿಷಯಗಳ ಪಾಠದ ಹತ್ತಿರ ಹತ್ತಿರ ಅರ್ಧ ಹೊತ್ತನ್ನು ಆ ಮಕ್ಕಳು ಕಾಯುತ್ತ ಕಳೆಯುತ್ತಿದ್ದರು. ಬೇರೆ ಯಾವ ಮಗುವಿಗಾದರೂ ಒಂದು ವಿಷಯದ ಅರ್ಧದಷ್ಟು ಪಾಠ ತಪ್ಪಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಇನ್ನೊಂದು ಮಾತು ಬಹಳ ಮುಖ್ಯ. 'ಹೇಗಿದ್ದರೂ ಕಲಿಯುತ್ತದೆ' ಎಂಬುದು ಮನೆಯಲ್ಲಿ ಪುಸ್ತಕ, ಟ್ಯೂಷನ್, ಓದಿದ ತಂದೆತಾಯಿ ಇರುವ ಮಗುವಿಗೆ ಅಷ್ಟಿಷ್ಟು ಅನ್ವಯಿಸಬಹುದು. ಶಾಲೆ ಕೊಡದಿದ್ದರೆ ಇನ್ನೆಲ್ಲೂ ಸಿಗದ ಮಗುವಿಗೆ ಅನ್ವಯಿಸುವುದಿಲ್ಲ. ಶಾಲೆ ಕೈಬಿಟ್ಟರೆ ಮೊದಲು ನಷ್ಟವಾಗುವುದು ಬಡ ಮನೆಯ ಚುರುಕು ಮಗುವಿಗೆ.

ಅವರನ್ನು ಬೇರೆ ಮಾಡಿದರೆ ಉಳಿದ ಮಕ್ಕಳಿಗೆ ನಷ್ಟವಾಗುವುದಿಲ್ಲವೇ?

ಇಡೀ ಚರ್ಚೆಯ ಗಂಟು ಇರುವುದು ಇಲ್ಲೇ. ಉತ್ತರ: ಹೇಗೆ ಬೇರ್ಪಡಿಸುತ್ತೀರಿ, ಆಮೇಲೆ ಎರಡೂ ಕೋಣೆಗಳಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಅವಲಂಬಿತ.

ಪಶ್ಚಿಮ ಕೀನ್ಯಾದ 121 ಪ್ರಾಥಮಿಕ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಪ್ಯಾಸ್ಕಲಿನ್ ಡ್ಯೂಪಾ ಮತ್ತು ಮೈಕೆಲ್ ಕ್ರೆಮರ್ ನಡೆಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಶಾಲೆಗಳಿಗೆ ಒಬ್ಬ ಹೆಚ್ಚುವರಿ ಶಿಕ್ಷಕರನ್ನು ಕೊಟ್ಟು, ಒಂದನೇ ತರಗತಿಯನ್ನು ಎರಡು ಸೆಕ್ಷನ್ ಮಾಡಿದರು. ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳ ಕಲಿಕಾ ಮಟ್ಟ ನೋಡಿ ಹಂಚಿದರು, ಉಳಿದ ಶಾಲೆಗಳಲ್ಲಿ ಚೀಟಿ ಎತ್ತಿದಂತೆ ಹಂಚಿದರು. ಹದಿನೆಂಟು ತಿಂಗಳ ನಂತರ, ಮಟ್ಟ ನೋಡಿ ಹಂಚಿದ ಶಾಲೆಗಳ ಮಕ್ಕಳು ಮುಂದಿದ್ದರು. ಮೇಲಿನ ಸೆಕ್ಷನ್‌ನವರು ಮಾತ್ರವಲ್ಲ, ಕೆಳಗಿನ ಸೆಕ್ಷನ್‌ನವರೂ. ಜಾಣ ಸಹಪಾಠಿಗಳು ಪಕ್ಕದಲ್ಲಿಲ್ಲದ ನಷ್ಟಕ್ಕಿಂತ, ತಮ್ಮ ಮಟ್ಟದಲ್ಲಿ ಪಾಠ ಸಿಕ್ಕಿದ ಲಾಭ ಅವರಿಗೆ ದೊಡ್ಡದಾಯಿತು.

ಅಮೆರಿಕದ ಫ್ಲಾರಿಡಾ ರಾಜ್ಯದ ದೊಡ್ಡ ಶಾಲಾ ಜಿಲ್ಲೆಯೊಂದನ್ನು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಅಧ್ಯಯನ ಮಾಡಿದರು. ಅಲ್ಲಿ 'ಪ್ರತಿಭಾವಂತ' ಎಂದು ಗುರುತಿಸಲ್ಪಟ್ಟ ಒಂದು ಮಗು ಇದ್ದರೂ ಶಾಲೆ ನಾಲ್ಕು, ಐದನೇ ತರಗತಿಗಳಿಗೆ ಪ್ರತ್ಯೇಕ ಸೆಕ್ಷನ್ ತೆರೆಯಬೇಕಿತ್ತು. ಉಳಿದ ಸೀಟುಗಳಿಗೆ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ ಬೇರೆ ಮಕ್ಕಳನ್ನು ತುಂಬುತ್ತಿದ್ದರು. ಹಾಗೆ ಸೀಟು ಸಿಕ್ಕ ಕಪ್ಪು ವರ್ಣೀಯ ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಮಕ್ಕಳ ಕಲಿಕೆ ಗಣನೀಯವಾಗಿ ಏರಿತು. ಹಿಂದೆ ಉಳಿದ ಸೆಕ್ಷನ್‌ಗಳ ಮಕ್ಕಳಿಗೆ ಹಾನಿಯಾದದ್ದು ಕಾಣಲಿಲ್ಲ.

ಹಾಗಾದರೆ ಎಲ್ಲ ಬೇರ್ಪಡಿಕೆಯೂ ಒಳ್ಳೆಯದೇ? ಖಂಡಿತ ಅಲ್ಲ. ಕೀನ್ಯಾದಲ್ಲಿ ಎರಡೂ ಸೆಕ್ಷನ್‌ಗೆ ಯಾವ ಶಿಕ್ಷಕರು ಎಂಬುದನ್ನು ಲಾಟರಿಯಲ್ಲಿ ನಿರ್ಧರಿಸಿದ್ದರು. ಹೆಚ್ಚಿನ ಶಾಲೆಗಳಲ್ಲಿ ನಡೆಯುವುದು ಬೇರೆ. ಅನುಭವಿ ಶಿಕ್ಷಕರು ಮೇಲಿನ ಸೆಕ್ಷನ್‌ಗೆ, ಹೊಸಬರು ಕೆಳಗಿನ ಸೆಕ್ಷನ್‌ಗೆ. ಮೇಲಿನವರಿಗೆ ಚರ್ಚೆ, ಪ್ರಯೋಗ, ಯೋಚಿಸುವ ಲೆಕ್ಕ. ಕೆಳಗಿನವರಿಗೆ ಕಾಪಿ ಬರೆಯುವುದು, ಬಾಯಿಪಾಠ. ಇದನ್ನು 1980ರ ದಶಕದಲ್ಲೇ ಜೀನಿ ಓಕ್ಸ್ ಅಮೆರಿಕದ ಶಾಲೆಗಳಲ್ಲಿ ತರಗತಿ ತರಗತಿ ನೋಡಿ ದಾಖಲಿಸಿದರು. ಹೀಗೆ ಮಾಡಿದರೆ ಕೆಳಗಿನ ಸೆಕ್ಷನ್ ಹಿಂದುಳಿಯಲು ಅಲ್ಲಿನ ಮಕ್ಕಳು ಕಾರಣರಲ್ಲ, ಅವರಿಗೆ ಸಿಕ್ಕ ಪಾಠ ಕಾರಣ.

ಹಾಗಿದ್ದರೆ 'ಎ' ಸೆಕ್ಷನ್, 'ಬಿ' ಸೆಕ್ಷನ್, 'ಸಿ' ಸೆಕ್ಷನ್ ಎಂದು ಅಂಕದ ಮೇಲೆ ಹಂಚಬಹುದೇ?

ಬೇಡ. ಶಾಲೆಗಳು ಅತಿ ಹೆಚ್ಚು ಮಾಡುವುದು ಇದನ್ನೇ, ಅತಿ ಕಡಿಮೆ ಫಲ ಕೊಡುವುದೂ ಇದೇ.

ಸಾಯಿಯಿಂಗ್ ಸ್ಟೀನ್‌ಬರ್ಗನ್-ಹು ಮತ್ತು ಸಂಗಡಿಗರು ನೂರು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದರು. ಇಡೀ ತರಗತಿಗಳನ್ನು ಮೇಲು, ಮಧ್ಯಮ, ಕೆಳಗು ಎಂದು ಹಂಚುವುದರಿಂದ ಹೇಳಿಕೊಳ್ಳುವಂಥ ಲಾಭ ಅವರಿಗೆ ಕಾಣಲಿಲ್ಲ. ಲಾಭ ಕಂಡದ್ದು ಬೇರೆ ಮೂರು ಕಡೆ: ಒಂದೇ ತರಗತಿಯೊಳಗೆ ಚಿಕ್ಕ ಗುಂಪು ಮಾಡಿದಾಗ, ಒಂದು ವಿಷಯಕ್ಕಾಗಿ ಬೇರೆ ಬೇರೆ ತರಗತಿಗಳ ಮಕ್ಕಳನ್ನು ಮಟ್ಟದ ಪ್ರಕಾರ ಕೂಡಿಸಿದಾಗ, ತುಂಬಾ ಮುಂದಿರುವ ಮಕ್ಕಳಿಗೆ ಅವರಿಗೆಂದೇ ರೂಪಿಸಿದ ಪಾಠ ಕೊಟ್ಟಾಗ.

ಕಾರಣ ಊಹಿಸುವುದು ಕಷ್ಟವಲ್ಲ. ಎ, ಬಿ, ಸಿ ಎಂದು ಹಂಚಿದ ಶಾಲೆ ಮೂರೂ ಸೆಕ್ಷನ್‌ಗೆ ಅದೇ ಪುಸ್ತಕ, ಅದೇ ಪೋರ್ಷನ್, ಅದೇ ಟೈಮ್‌ಟೇಬಲ್ ಇಟ್ಟುಕೊಂಡಿರುತ್ತದೆ. ಬದಲಾದದ್ದು ಬಾಗಿಲ ಮೇಲಿನ ಬೋರ್ಡು ಮಾತ್ರ. ಒಟ್ಟು ಅಂಕ ನೋಡಿ ಹಂಚಿದ್ದರಿಂದ ಗಣಿತದಲ್ಲಿ ಮುಂದಿದ್ದು ಭಾಷೆಯಲ್ಲಿ ಎಡವುವ ಮಗು ಎಲ್ಲಿಗೂ ಸರಿಹೊಂದುವುದಿಲ್ಲ. ಲಾಭ ಇಲ್ಲದಿದ್ದರೂ ಗಾಯ ಮಾತ್ರ ಖಂಡಿತ. 'ಸಿ' ಸೆಕ್ಷನ್ ಎಂದರೇನು ಎಂದು ಒಂಬತ್ತು ವರ್ಷದ ಮಗುವಿಗೆ ಯಾರೂ ವಿವರಿಸಬೇಕಿಲ್ಲ.

ಬೇರೆ ಬೇರೆ ದೇಶಗಳ ಅನುಭವ ಏನು ಹೇಳುತ್ತದೆ?

ಎಷ್ಟು ಚಿಕ್ಕ ವಯಸ್ಸಿನಲ್ಲಿ, ಎಷ್ಟು ಶಾಶ್ವತವಾಗಿ ಬೇರ್ಪಡಿಸುತ್ತೀರೋ ಅಷ್ಟು ಅಪಾಯ ಎಂದು ಹೇಳುತ್ತದೆ.

ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ, ಸುಮಾರು ಹತ್ತನೇ ವಯಸ್ಸಿಗೆ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹೋಗುತ್ತಾರೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರನೇ ತರಗತಿಯ ನಂತರ. ಹತ್ತು ವರ್ಷದ ಮಗುವಿನಲ್ಲಿ ಕಾಣುವುದು ಬಹುಪಾಲು ಮನೆಯ ಭಾಷೆ, ಮನೆಯ ಓದು. ಎರಿಕ್ ಹನುಶೆಕ್ ಮತ್ತು ಲುಡ್ಗರ್ ವೋಸ್ಮನ್ 2006ರಲ್ಲಿ ಹಲವು ದೇಶಗಳನ್ನು ಹೋಲಿಸಿ ನೋಡಿದಾಗ, ಬೇಗ ಬೇರ್ಪಡಿಸುವ ದೇಶಗಳಲ್ಲಿ ಕಲಿಕೆಯ ಅಸಮಾನತೆ ಹೆಚ್ಚುತ್ತಿತ್ತು. ಅದಕ್ಕೆ ಬದಲಾಗಿ ಒಟ್ಟಾರೆ ಮಟ್ಟವೇನೂ ಏರುತ್ತಿರಲಿಲ್ಲ.

ಫಿನ್ಲೆಂಡ್ 1972ರಿಂದ 1977ರ ನಡುವೆ ಉತ್ತರದಿಂದ ಆರಂಭಿಸಿ ಒಂದೊಂದೇ ಪ್ರದೇಶದಲ್ಲಿ ಸುಧಾರಣೆ ತಂದು, ಬೇರ್ಪಡಿಸುವ ವಯಸ್ಸನ್ನು 11ರಿಂದ 16ಕ್ಕೆ ಮುಂದೂಡಿತು. ಹಂತಹಂತವಾಗಿ ಜಾರಿಯಾದದ್ದರಿಂದ ಹೋಲಿಸಿ ನೋಡಲು ಸಂಶೋಧಕರಿಗೆ ಅನುಕೂಲವಾಯಿತು. ತಂದೆಯ ಆದಾಯಕ್ಕೂ ಮಗನ ಆದಾಯಕ್ಕೂ ಇದ್ದ ನಂಟು ಸುಮಾರು ಶೇ. 23ರಷ್ಟು ಸಡಿಲಗೊಂಡಿತ್ತು. ನನ್ನ ಮಟ್ಟಿಗೆ, ಚಿಕ್ಕ ಮಕ್ಕಳನ್ನು ಶಾಲೆಯಿಂದ ಶಾಲೆಗೆ ವಿಂಗಡಿಸುವುದರ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಇಂಗ್ಲೆಂಡ್ 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದನೇ ವಯಸ್ಸಿನ ಒಂದು ಪರೀಕ್ಷೆಯ ಮೇಲೆ ಮಕ್ಕಳನ್ನು, ಪಾಸಾದವರಿಗೆಂದೇ ಇದ್ದ ಗ್ರಾಮರ್ ಶಾಲೆಗೂ ಸಾಮಾನ್ಯ ಶಾಲೆಗೂ ಹಂಚಿತು. 1965ರಿಂದ ಹಿಂದೆ ಸರಿಯತೊಡಗಿತು. ಈಗ ಉಳಿದಿರುವುದು 163 ಗ್ರಾಮರ್ ಶಾಲೆಗಳು.

ಸಿಂಗಾಪುರದ ಅನುಭವ ನನಗೆ ಇನ್ನೂ ಹೆಚ್ಚು ಪಾಠ ಹೇಳುತ್ತದೆ. ಅಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳನ್ನು ಎಕ್ಸ್‌ಪ್ರೆಸ್, ನಾರ್ಮಲ್ ಅಕಾಡೆಮಿಕ್, ನಾರ್ಮಲ್ ಟೆಕ್ನಿಕಲ್ ಎಂಬ ಧಾರೆಗಳಲ್ಲಿ ದಶಕಗಳ ಕಾಲ ಕೂರಿಸಿದ್ದರು. 2024ರಲ್ಲಿ ಮಾಧ್ಯಮಿಕ ಹಂತಕ್ಕೆ ಕಾಲಿಟ್ಟ ಮಕ್ಕಳಿಂದ ಆ ವಿಂಗಡಣೆ ಹೋಯಿತು. ಈಗ ಮಿಶ್ರ ತರಗತಿ. ಆದರೆ ಪ್ರತಿ ಮಗು ಪ್ರತಿ ವಿಷಯವನ್ನು ತನ್ನ ಮಟ್ಟದಲ್ಲಿ, ಜಿ1, ಜಿ2 ಅಥವಾ ಜಿ3ರಲ್ಲಿ ಕಲಿಯಬಹುದು. ಮಟ್ಟಗಳನ್ನು ಉಳಿಸಿಕೊಂಡು ಮಗುವಿನ ಮೇಲಿನ ಮುದ್ರೆಯನ್ನು ಅಳಿಸಿದರು. 1984ರಿಂದ ಒಂಬತ್ತನೇ ವಯಸ್ಸಿನಲ್ಲಿ ಶೇ. 1ರಷ್ಟು ಮಕ್ಕಳನ್ನು ಆರಿಸಿ ಕೆಲವೇ ಶಾಲೆಗಳಿಗೆ ಕಳಿಸುತ್ತಿದ್ದ ಪ್ರತಿಭಾ ಕಾರ್ಯಕ್ರಮವನ್ನೂ ಈಗಿನ ರೂಪದಲ್ಲಿ ನಿಲ್ಲಿಸಿ, ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ ಹೆಚ್ಚಿನ ಕಲಿಕೆಗೆ ಅವಕಾಶ ಕೊಡುವುದಾಗಿ ಅಲ್ಲಿನ ಪ್ರಧಾನಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು.

ಬೇರ್ಪಡಿಸುವುದನ್ನು ಪೂರ್ತಿ ನಿಲ್ಲಿಸಿಬಿಟ್ಟರೆ ಸಮಾನತೆ ಬರುವುದಿಲ್ಲವೇ?

ಸ್ಯಾನ್ ಫ್ರಾನ್ಸಿಸ್ಕೊ ಆ ಪ್ರಯತ್ನ ಮಾಡಿ ನೋಡಿತು. 2014ರಲ್ಲಿ ಎಂಟನೇ ತರಗತಿಯಲ್ಲಿ ಬೀಜಗಣಿತವನ್ನು ನಿಲ್ಲಿಸಿ, ಎಲ್ಲರಿಗೂ ಒಂಬತ್ತರಲ್ಲೇ ಎಂದು ಮಾಡಿದರು. ಉದ್ದೇಶದಲ್ಲಿ ದೋಷವಿರಲಿಲ್ಲ. ಮೇಲಿನ ಗಣಿತ ಕೋರ್ಸ್‌ಗಳಲ್ಲಿ ಕಪ್ಪು ವರ್ಣೀಯ ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಕಡಿಮೆ ಇತ್ತು, ಆ ಅಂತರ ಹೋಗಲಿ ಎಂದು ಬಯಸಿದರು. ಆದರೆ ವರ್ಷಗಳ ನಂತರ ನೋಡಿದಾಗ ಆ ಅಂತರ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅನುಕೂಲವಿದ್ದ ಮನೆಯವರು ಹೊರಗೆ ದುಡ್ಡು ಕೊಟ್ಟು ಮಕ್ಕಳಿಗೆ ಬೀಜಗಣಿತ ಕಲಿಸಿದರು. 2024ರಲ್ಲಿ ಎಂಟನೇ ತರಗತಿಗೆ ಬೀಜಗಣಿತವನ್ನು ಮರಳಿ ತರಲು ತೀರ್ಮಾನವಾಯಿತು.

ಮುಂದಿನ ಪಾಠವನ್ನು ಶಾಲೆಯಿಂದ ತೆಗೆದರೆ ಅದು ಮಾಯವಾಗುವುದಿಲ್ಲ, ದುಡ್ಡಿದ್ದವರ ಮನೆಗೆ ಹೋಗುತ್ತದೆ.

ಪ್ರತಿಭಾವಂತರಿಗೆಂದೇ ಪ್ರತ್ಯೇಕ ಶಾಲೆಗಳು?

ಇವುಗಳ ಹೆಸರು ದೊಡ್ಡದು. 1963ರಲ್ಲಿ ಮಾಸ್ಕೋದಲ್ಲಿ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ ಮುಂದೆ ನಿಂತು ಕಟ್ಟಿದ ಭೌತ-ಗಣಿತ ವಸತಿ ಶಾಲೆಯಂಥವು, ದೂರದ ಊರುಗಳ ಹದಿಹರೆಯದ ಮಕ್ಕಳಿಗೆ ಬೇರೆಲ್ಲೂ ಸಿಗದ ಗುರುಗಳನ್ನೂ ಜೊತೆಗಾರರನ್ನೂ ಕೊಟ್ಟವು. ಅಂಥ ಕೆಲವು ಶಾಲೆಗಳು, ಸ್ವಲ್ಪ ದೊಡ್ಡ ಮಕ್ಕಳಿಗೆ, ಇರಬೇಕು ಎಂದೇ ನನ್ನ ಅನಿಸಿಕೆ.

ಆದರೆ ಒಳ್ಳೆಯ ಫಲಿತಾಂಶ ಬಂದ ಮಾತ್ರಕ್ಕೆ ಅದು ಶಾಲೆಯಿಂದಲೇ ಬಂದದ್ದು ಎನ್ನುವಂತಿಲ್ಲ. ಬಾಸ್ಟನ್ ಮತ್ತು ನ್ಯೂಯಾರ್ಕ್‌ನಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರುವ ಹೆಸರಾಂತ ಶಾಲೆಗಳಿವೆ. ಕಟ್-ಆಫ್‌ಗಿಂತ ಒಂದೆರಡು ಅಂಕ ಮೇಲೆ ಬಂದು ಸೀಟು ಗಿಟ್ಟಿಸಿದವರನ್ನೂ, ಒಂದೆರಡು ಅಂಕದಲ್ಲಿ ತಪ್ಪಿಸಿಕೊಂಡವರನ್ನೂ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೋಲಿಸಿತು. ಮುಂದಿನ ಪರೀಕ್ಷೆಗಳಲ್ಲಿ ಇಬ್ಬರ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸೀಟು ತಪ್ಪಿತೆಂದು ಮಗುವಿನ ಭವಿಷ್ಯವೇ ಹೋಯಿತು ಎಂದು ಅಳುವ ಪೋಷಕರಿಗೆ ಈ ಮಾತನ್ನು ಹೇಳಲೇಬೇಕು.

ಆಯ್ಕೆ ಹೇಗೆ ಮಾಡಬೇಕು? ಒಂದು ಐಕ್ಯೂ ಟೆಸ್ಟ್ ಸಾಕಲ್ಲವೇ?

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂಬ ಗಾದೆಯನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ. ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಆಧಾರದ ಮೇಲೆ ಸುಮಾರು 1,500 ಮಕ್ಕಳನ್ನು ಆರಿಸಿ, ಅವರ ಬದುಕನ್ನು ಹಲವು ದಶಕ ಗಮನಿಸುವ ಅಧ್ಯಯನ ಶುರುಮಾಡಿದರು. ಪರೀಕ್ಷಿಸಿ ಕೈಬಿಟ್ಟ ಮಕ್ಕಳಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಇದ್ದರು. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ. ಆರಿಸಿದವರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ.

ಶಿಕ್ಷಕರ ಶಿಫಾರಸು, ಪೋಷಕರ ಅರ್ಜಿ ಇವುಗಳ ಮೇಲೆ ಮಾತ್ರ ಆಯ್ಕೆ ನಿಂತರೆ, ಓಡಾಡಿ ಕೇಳುವ ಶಕ್ತಿ ಇರುವ ಮನೆಯ ಮಕ್ಕಳೇ ತುಂಬಿಕೊಳ್ಳುತ್ತಾರೆ. ಮೇಲೆ ಹೇಳಿದ ಫ್ಲಾರಿಡಾದ ಜಿಲ್ಲೆ 2005ರ ಹೊತ್ತಿಗೆ ಒಂದು ಸರಳ ಬದಲಾವಣೆ ತಂದಿತು: ಯಾರ ಶಿಫಾರಸಿಗೂ ಕಾಯದೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲ ಹಂತದ ಪರೀಕ್ಷೆ ಕೊಡುವುದು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಬಡ ಮಕ್ಕಳು, ಕಪ್ಪು ವರ್ಣೀಯ ಮತ್ತು ಹಿಸ್ಪಾನಿಕ್ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಪಟ್ಟಿಗೆ ಬಂದರು. ಮುಂದೆ ಹಣದ ಮುಗ್ಗಟ್ಟಿನಲ್ಲಿ ಆ ಪರೀಕ್ಷೆಯನ್ನು ಕೈಬಿಟ್ಟಾಗ ಹಳೆಯ ಅಂತರ ಮತ್ತೆ ಬಂತು. ಮಕ್ಕಳು ಯಾವಾಗಲೂ ಅಲ್ಲೇ ಇದ್ದರು, ಹುಡುಕುವ ರೀತಿ ಸರಿ ಇರಲಿಲ್ಲ.

ವಯಸ್ಸಿನ ವಿಷಯ ಯಾರೂ ನೆನಪಿಡುವುದಿಲ್ಲ. ಒಂದೇ ತರಗತಿಯಲ್ಲಿ ಹತ್ತು ಹನ್ನೊಂದು ತಿಂಗಳು ದೊಡ್ಡವರಾದ ಮಕ್ಕಳು ಇರುತ್ತಾರೆ. ಆರನೇ ವಯಸ್ಸಿನಲ್ಲಿ ಅದು ದೊಡ್ಡ ವ್ಯತ್ಯಾಸ. ದೊಡ್ಡ ಮಗು 'ಜಾಣ' ಎಂದೂ ಚಿಕ್ಕ ಮಗು 'ನಿಧಾನ' ಎಂದೂ ಹಣೆಪಟ್ಟಿ ಹೊತ್ತುಕೊಳ್ಳುತ್ತವೆ. ಅದಕ್ಕೇ ಮರುಪರಿಶೀಲನೆ ಬೇಕು, ಒಮ್ಮೆ ತಪ್ಪಿದವರಿಗೆ ಮತ್ತೆ ಅವಕಾಶ ಬೇಕು. ಮತ್ತು ಸಾಮಾನ್ಯ ಬುದ್ಧಿಶಕ್ತಿಯನ್ನು ಅಳೆಯುವುದಕ್ಕಿಂತ 'ಮುಂದಿನ ಪಾಠ ಮಗುವಿಗೆ ಗೊತ್ತೇ?' ಎಂದು ಆಯಾ ವಿಷಯದಲ್ಲೇ ನೋಡುವುದು ಮೇಲು.

ಡಬಲ್ ಪ್ರಮೋಷನ್ ಕೊಟ್ಟರೆ ಮಗು ಒಂಟಿಯಾಗುವುದಿಲ್ಲವೇ?

ಎಲ್ಲರೂ ಹೆದರುವ ದಾರಿ ಇದು. ಸಂಶೋಧನೆ ಅತಿ ಹೆಚ್ಚು ಧೈರ್ಯ ಕೊಡುವ ದಾರಿಯೂ ಇದೇ.

ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಒಂದು ದೀರ್ಘ ಅಧ್ಯಯನ ಆರಂಭಿಸಿದರು. ಕಾಲೇಜು ಸೇರುವ ವಯಸ್ಸಿನವರಿಗಾಗಿ ಇರುವ ಎಸ್‌ಎಟಿ ಪರೀಕ್ಷೆಯನ್ನು ಹನ್ನೆರಡು ಹದಿಮೂರರ ಮಕ್ಕಳಿಗೆ ಕೊಟ್ಟು, ಅದರಲ್ಲಿ ಚೆನ್ನಾಗಿ ಮಾಡಿದವರ ಬದುಕನ್ನು ಹಿಂಬಾಲಿಸುವುದು ಅದರ ರೀತಿ. ಆ ಕೆಲಸ ಮುಂದೆ ವ್ಯಾಂಡರ್‌ಬಿಲ್ಟ್‌ನಲ್ಲಿ ಕಮೀಲಾ ಬೆನ್‌ಬೋ ಮತ್ತು ಡೇವಿಡ್ ಲುಬಿನ್‌ಸ್ಕಿ ಅವರ ಕೈಯಲ್ಲಿ ಮುಂದುವರಿಯಿತು. ಅಷ್ಟೇ ಸಾಮರ್ಥ್ಯವಿದ್ದೂ ತರಗತಿ ಜಿಗಿಯದವರಿಗೆ ಹೋಲಿಸಿದರೆ, ಜಿಗಿದವರು ವಿಜ್ಞಾನ, ತಂತ್ರಜ್ಞಾನಗಳಲ್ಲಿ ಪಿಎಚ್‌ಡಿ, ಪೇಟೆಂಟ್ ಪಡೆದದ್ದು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಐವತ್ತರ ವಯಸ್ಸಿನ ಹತ್ತಿರ ಅವರ ಮಾನಸಿಕ ನೆಮ್ಮದಿಯನ್ನು ನೋಡಿದಾಗ, ಬೇಗ ಮುಂದೆ ಹೋದದ್ದರಿಂದ ಕೆಡುಕಾದ ಗುರುತು ಸಿಗಲಿಲ್ಲ.

ಆದರೂ ಪ್ರತಿ ಮಗುವಿಗೂ ಇದು ಹೊಂದುವುದಿಲ್ಲ. ಮಗುವಿಗೆ ಇಷ್ಟವಿರಬೇಕು, ಎದುರುಗೊಳ್ಳುವ ಶಿಕ್ಷಕರಿಗೆ ಮನಸ್ಸಿರಬೇಕು, ಎಲ್ಲ ವಿಷಯಗಳಲ್ಲೂ ಮುಂದಿರಬೇಕು. ಒಂದು ವಿಷಯದಲ್ಲಿ ಮಾತ್ರ ಮುಂದಿದ್ದರೆ ಆ ವಿಷಯಕ್ಕಷ್ಟೇ ಮೇಲಿನ ತರಗತಿಗೆ ಕಳಿಸುವುದು ಉತ್ತಮ. ಗಣಿತಜ್ಞ ಟೆರೆನ್ಸ್ ಟಾವೊ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ ಹೈಸ್ಕೂಲಿನ ಗಣಿತ ಕಲಿಯುತ್ತಿದ್ದರು. ಉಳಿದ ವಿಷಯಗಳಲ್ಲಿ ಅವರ ವೇಗಕ್ಕೆ ತಕ್ಕಂತೆ ಬೇರೆ ತರಗತಿಗಳಲ್ಲಿ ಕೂರುವಂತೆ ತಂದೆತಾಯಿ ಏರ್ಪಾಡು ಮಾಡಿದ್ದರು. ಅಂಥ ಅಸಾಮಾನ್ಯ ಮಗುವಿಗೂ ಎಲ್ಲ ವಿಷಯಕ್ಕೆ ಒಂದೇ ಅಳತೆ ಇಡಲಿಲ್ಲ.

ಚುರುಕು ಮಕ್ಕಳ ಗುಂಪಿಗೆ ಹೋದ ಮಗುವಿಗೆ ಜಂಬ ಬರುವುದಿಲ್ಲವೇ?

ಬಹಳ ಸಲ ಆಗುವುದು ಉಲ್ಟಾ. ಹರ್ಬರ್ಟ್ ಮಾರ್ಷ್ 1984ರಿಂದ ಇದನ್ನು ಅಧ್ಯಯನ ಮಾಡಿದ್ದಾರೆ. 2003ರಲ್ಲಿ 26 ದೇಶಗಳ ಹದಿನೈದು ವರ್ಷದ ಮಕ್ಕಳ ದತ್ತಾಂಶದಲ್ಲೂ ಅದೇ ಕಂಡಿತು. ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಜಾಣರೇ ತುಂಬಿದ ಶಾಲೆಯಲ್ಲಿ ಓದುವ ಮಗುವಿಗೆ ತನ್ನ ಓದಿನ ಬಗ್ಗೆ ವಿಶ್ವಾಸ ಕಡಿಮೆ. ನೆನ್ನೆಯವರೆಗೆ ಎಲ್ಲದರಲ್ಲೂ ಮೊದಲಿದ್ದ ಮಗು ಇವತ್ತು ಹತ್ತರಲ್ಲಿ ಹನ್ನೊಂದು. ಈ ಪೆಟ್ಟು ಬೀಳುವುದು ಸಹಜ ಎಂದು ಮೊದಲೇ ಹೇಳಿ ಸಿದ್ಧಗೊಳಿಸಬೇಕು. ಇಡೀ ದಿನದ ಬದಲು ಒಂದೆರಡು ಪೀರಿಯಡ್ ಮಾತ್ರ ಬೇರೆ ಗುಂಪಿಗೆ ಹೋಗಿ ಬರುವ ವ್ಯವಸ್ಥೆಯಲ್ಲಿ ಜಂಬಕ್ಕೂ ಜಾಗ ಕಡಿಮೆ, ಕೀಳರಿಮೆಗೂ ಕಡಿಮೆ.

ಚುರುಕು ಮಕ್ಕಳಿಂದ ಹಿಂದಿರುವವರಿಗೆ ಹೇಳಿಕೊಡಿಸಿದರೆ ಇಬ್ಬರಿಗೂ ಲಾಭವಲ್ಲವೇ?

ಆಗಾಗ, ಮಗುವಿಗೆ ಇಷ್ಟವಿದ್ದರೆ, ಹೌದು. ಇನ್ನೊಬ್ಬರಿಗೆ ವಿವರಿಸುವಾಗ ತನ್ನ ತಿಳಿವಳಿಕೆಯೂ ಗಟ್ಟಿಯಾಗುತ್ತದೆ. ಆದರೆ ಅದನ್ನೇ ವ್ಯವಸ್ಥೆ ಮಾಡಿಕೊಂಡರೆ ಮಗುವನ್ನು ಸಂಬಳವಿಲ್ಲದ ಸಹಾಯಕ ಶಿಕ್ಷಕರನ್ನಾಗಿ ಮಾಡಿದಂತೆ. ಅದು ಶಾಲೆಗೆ ಬಂದಿರುವುದು ತಾನೂ ಕಲಿಯಲು. ಹಿಂದಿರುವ ಮಗುವಿಗೂ ಬೇಕಾದದ್ದು ತರಬೇತಿ ಪಡೆದ ಶಿಕ್ಷಕರು, ಪಕ್ಕದ ಬೆಂಚಿನ ಒಂಬತ್ತು ವರ್ಷದ ಗೆಳತಿಯಲ್ಲ.

ಡಿಸ್ಲೆಕ್ಸಿಯಾ (ಓದು, ಬರಹದ ತೊಂದರೆ) ಇರುವ ಮಗುವೂ ಮುಂದಿರುವ ಮಗುವಾಗಿರಬಹುದೇ?

ಖಂಡಿತ. ಇಂಥ ಮಕ್ಕಳಿಗೆ ಅನ್ಯಾಯವಾಗುವುದು ಎಲ್ಲರಿಗಿಂತ ಹೆಚ್ಚು. ಬುದ್ಧಿ ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಬುದ್ಧಿಯನ್ನು ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ 'ಸಾಧಾರಣ' ಮಗು. ಓದಲು ನೆರವು, ಯೋಚನೆಗೆ ಸವಾಲು, ಎರಡೂ ಒಟ್ಟಿಗೆ ಬೇಕು. ಓದುವುದು ಸರಿಹೋಗಲಿ, ಆಮೇಲೆ ಕಷ್ಟದ ಗಣಿತ ಕೊಡೋಣ ಎಂದು ಕಾಯಿಸಬಾರದು.

ನಮ್ಮದು ಚಿಕ್ಕ ಶಾಲೆ. ಹೆಚ್ಚುವರಿ ಶಿಕ್ಷಕರಿಲ್ಲ, ಕೋಣೆಗಳಿಲ್ಲ. ಏನು ಮಾಡಬಹುದು?

ಟೈಮ್‌ಟೇಬಲ್‌ನಿಂದ ಶುರುಮಾಡಿ. ಮೂರು, ನಾಲ್ಕು, ಐದನೇ ತರಗತಿಗಳ ಗಣಿತವನ್ನು ಒಂದೇ ಪೀರಿಯಡ್‌ಗೆ ಇಟ್ಟರೆ, ಆ ಹೊತ್ತಿಗೆ ಮಕ್ಕಳು ತರಗತಿ ಬಿಟ್ಟು ತಮ್ಮ ಮಟ್ಟದ ಗುಂಪಿಗೆ ಹೋಗಬಹುದು. ಮೂವರು ಶಿಕ್ಷಕರು ಮೂರು ಮಟ್ಟಗಳನ್ನು ಹಂಚಿಕೊಳ್ಳುತ್ತಾರೆ. ಅಮೆರಿಕದ ಜಾಪ್ಲಿನ್ ಎಂಬ ಊರಿನಲ್ಲಿ 1950ರ ದಶಕದಲ್ಲಿ ಓದುವಿಕೆಗಾಗಿ ಹೀಗೆ ಮಾಡಿದರು. 1980ರ ದಶಕದಲ್ಲಿ ರಾಬರ್ಟ್ ಸ್ಲಾವಿನ್ ಎಲ್ಲ ಬಗೆಯ ಗುಂಪುಗಾರಿಕೆಯನ್ನು ಪರಿಶೀಲಿಸಿದಾಗ ಗೆದ್ದ ಕೆಲವೇ ವಿಧಾನಗಳಲ್ಲಿ ಇದೂ ಒಂದು. ಅವರು ಬೇರ್ಪಡಿಕೆಯ ಕಟು ವಿಮರ್ಶಕರಾಗಿದ್ದರು ಎಂಬುದನ್ನು ಗಮನಿಸಿ. ನಮ್ಮ ದೇಶದ ಸ್ವಯಂಸೇವಾ ಶಿಕ್ಷಣ ಸಂಸ್ಥೆ ಪ್ರಥಮ್ ಹಿಂದುಳಿದ ಮಕ್ಕಳ ಓದು, ಲೆಕ್ಕಕ್ಕಾಗಿ ಬೆಳೆಸಿದ ವಿಧಾನವೂ ಇದಕ್ಕೆ ಹತ್ತಿರದ್ದು: ದಿನದ ಒಂದಷ್ಟು ಹೊತ್ತು ತರಗತಿಯನ್ನು ಮರೆತು ಮಟ್ಟದ ಪ್ರಕಾರ ಕೂರಿಸುವುದು. ಒಂದೇ ಏರ್ಪಾಡು ಹಿಂದಿರುವವರನ್ನೂ ಮುಂದಿರುವವರನ್ನೂ ತಲುಪುತ್ತದೆ. ಹಣ ಹೆಚ್ಚು ಬೇಡ, ಶಿಕ್ಷಕರ ನಡುವೆ ಒಪ್ಪಂದ ಬೇಕು.

ಒಬ್ಬರೇ ಶಿಕ್ಷಕರಾದರೆ, ಹೊಸ ಅಧ್ಯಾಯಕ್ಕೆ ಮೊದಲು ಕೊನೆಯ ಐದು ಕಷ್ಟದ ಲೆಕ್ಕಗಳನ್ನು ಎಲ್ಲರಿಗೂ ಕೊಟ್ಟು ನೋಡಿ. ನಾಲ್ಕನ್ನು ಸರಿಯಾಗಿ ಮಾಡಿದ ಮಗು ಆ ಅಧ್ಯಾಯದ ಅಭ್ಯಾಸ ಬರೆಯಬೇಕಿಲ್ಲ. ಅದರ ಬದಲು ಆಳವಾದ ಒಂದು ಸಮಸ್ಯೆ ಕೊಡಿ. ಬದಲು ಎಂದದ್ದನ್ನು ಗಮನಿಸಿ: ಹತ್ತು ಲೆಕ್ಕ ಮುಗಿಸಿದ ಮಗುವಿಗೆ ಅದೇ ಬಗೆಯ ಇನ್ನೂ ಹತ್ತು ಕೊಟ್ಟರೆ, ಬೇಗ ಮುಗಿಸಿದ್ದಕ್ಕೆ ಶಿಕ್ಷೆ ಎಂದೇ ಮಗು ತಿಳಿಯುತ್ತದೆ. ಮುಂದಿನ ಸಲ ನಿಧಾನ ಮಾಡುತ್ತದೆ.

ಪೋಷಕರಾಗಿ ಶಾಲೆಯಲ್ಲಿ ಏನು ಕೇಳಬೇಕು?

'ನಮ್ಮ ಮಗು ತುಂಬಾ ಜಾಣ, ಎ ಸೆಕ್ಷನ್‌ಗೆ ಹಾಕಿ' ಎಂದು ಶುರುಮಾಡಬೇಡಿ. ಶಿಕ್ಷಕರು ಆ ಮಾತನ್ನು ದಿನವೂ ಕೇಳುತ್ತಾರೆ. ಮಗು ಮನೆಯಲ್ಲಿ ಮಾಡಿದ ಕೆಲಸವನ್ನು ತೆಗೆದುಕೊಂಡು ಹೋಗಿ ತೋರಿಸಿ. 'ಈ ತಿಂಗಳು ಗಣಿತದಲ್ಲಿ ಅವಳಿಗೆ ಹೊಸದಾಗಿ ಕಲಿಯಲು ಏನು ಸಿಕ್ಕಿತು?' ಎಂದು ಕೇಳಿ. ಶಾಲೆಯಲ್ಲಿ ಈಗಾಗಲೇ ಬೇರೆ ಸೆಕ್ಷನ್ ಇದ್ದರೆ, ಅಲ್ಲಿ ಪಾಠ ಹೇಗೆ ಬೇರೆ, ಕಳೆದ ವರ್ಷ ಎಷ್ಟು ಮಕ್ಕಳು ಒಳಗೆ ಬಂದರು, ಎಷ್ಟು ಮಂದಿ ಹೊರಗೆ ಹೋದರು ಎಂದು ಕೇಳಿ. ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ ಎಂದರೆ ಅಲ್ಲಿ ಬಾಗಿಲು ಮುಚ್ಚಿದೆ.

ಉಳಿದ ಸೆಕ್ಷನ್‌ಗಳಿಗೆ ಯಾರು ಪಾಠ ಮಾಡುತ್ತಾರೆ ಎಂದೂ ಕೇಳಿ. ನಿಮ್ಮ ಮಗು ಆ ಸೆಕ್ಷನ್‌ನಲ್ಲಿ ಇಲ್ಲದಿದ್ದರೂ ಕೇಳಿ. ಶಾಲೆಯ ಅತ್ಯುತ್ತಮ ಶಿಕ್ಷಕರಲ್ಲಿ ಒಬ್ಬರಾದರೂ ಅಲ್ಲಿದ್ದಾರೆ ಎಂಬ ಉತ್ತರ ಬಂದರೆ ಧೈರ್ಯವಾಗಿ ಮಗುವನ್ನು ಕಳಿಸಬಹುದು. ಇಲ್ಲ ಎಂಬ ಉತ್ತರ ಬಂದರೆ ಪೋಷಕರ ಸಭೆಯಲ್ಲಿ ಮೊದಲು ಎತ್ತಬೇಕಾದ ವಿಷಯ ಅದೇ.